ಸಹಾಯ ಬೇಕು: ಅಂಗವೈಕಲ್ಯ, ಮಕ್ಕಳ ಬೆಳವಣಿಗೆ ಕುರಿತ ಕನ್ನಡ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಕಳೆದ ವಾರ ಹೆಣ್ಣುಮಗಳೊಬ್ಬರು ಮಗನ 'ತಾಯಿ ಕಾರ್ಡ್' (ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡುವ ಪುಸ್ತಿಕೆ) ಹಿಡಿದುಕೊಂಡೇ ಬಂದರು. ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳಿರುವ ಪುಟದ ಮೇಲೆ ಬೆರಳಿಟ್ಟು, "ಇವನಿಗೆ ಮೂರು ತುಂಬಿತು ಸರ್, ಎರಡು ಪದ ಕೂಡಿಸಿ ಮಾತಾಡುವುದಿಲ್ಲ. ಓದಲು ಏನಾದರೂ ಇದೆಯೇ?" ಎಂದರು.

ಕಪಾಟಿನಲ್ಲಿ ಸಿಕ್ಕಿದ್ದು ಒಂದೇ ಪುಸ್ತಕ. ಅರ್ಧ ಗೆದ್ದಲಿನ ಪಾಲು. ಉಳಿದರ್ಧದಲ್ಲಿ ವೈಕಲ್ಯದ ಬಗೆಗಳು ಏಳೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಕೊಡಲು ಮನಸ್ಸಾಗಲಿಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳಿ ಕಳುಹಿಸಿದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಕಲಿಕಾ ನ್ಯೂನತೆಗಳ ಬಗ್ಗೆ ತಿಳಿಗನ್ನಡದ ಪುಸ್ತಕಗಳು ಯಾವುವು? ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯ ಅಥವಾ ನಿಮ್ಹಾನ್ಸ್‌ನ ಕನ್ನಡ ಕೈಪಿಡಿಗಳು ನಿಮ್ಮಲ್ಲಿದ್ದರೆ ನಕಲು ಪ್ರತಿಯಾದರೂ ಸಾಕು. ಬ್ರೈಲ್ ಪುಸ್ತಕ, ಮುಟ್ಟಿ ನೋಡುವ ಚಿತ್ರಪುಸ್ತಕ, ಗಾಲಿಕುರ್ಚಿಯ ಹುಡುಗಿಯೇ ತುಂಟಿಯಾಗಿರುವ ಕಥೆಗಳೂ ಬೇಕು. ಹರಕೆ ಹೊತ್ತರೆ ಗುಣವಾಗುತ್ತದೆ ಎನ್ನುವ ಪುಸ್ತಕಗಳು ದಯವಿಟ್ಟು ಬೇಡ. ಅಂಥವು ಆಗಲೇ ಎರಡು ಬಂದಿವೆ.

ಚಿತ್ರದುರ್ಗ, ದಾವಣಗೆರೆ ಕಡೆಯವರು ಹೇಳಿದರೆ ಭಾನುವಾರ ನಾನೇ ಬಂದು ಒಯ್ಯುತ್ತೇನೆ.