ಅಪ್‌ಡೇಟ್: ಓಟಕ್ಕೆ ಮುಂಚೆ ಏನು ತಿನ್ನಬೇಕೆಂದು ಕೇಳಿದ್ದೆ

ಗಂಗಾವತಿಯಿಂದ ಬರಿ ಹೊಟ್ಟೆಯಲ್ಲಿ ಓಡಿಬಂದು ಅಂಜನಾದ್ರಿಯ ಮೆಟ್ಟಿಲೇರುವಾಗ ಅರ್ಧದಲ್ಲೇ ಕಾಲು ಸೋಲುತ್ತವೆ, ಮೊದಲೇ ಏನಾದರೂ ತಿನ್ನಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಧನ್ಯವಾದಗಳು.

ಈಗ ಹೊರಡುವ ಒಂದು ಗಂಟೆ ಮೊದಲು ಎರಡು ಬಾಳೆಹಣ್ಣನ್ನೋ ಬೆಲ್ಲ ಕಲಸಿದ ಮಂಡಕ್ಕಿಯನ್ನೋ ತಿನ್ನುತ್ತಿದ್ದೇನೆ. ಮೇಲಿನ ಕಡಿದಾದ ತಿರುವಿನಲ್ಲೂ ಉಸಿರು, ಕಾಲು ಎರಡೂ ಹಿಡಿತದಲ್ಲಿರುತ್ತವೆ. ರಾತ್ರಿಯಿಡೀ ಮಿದುಳಿಗೆ ಗ್ಲೂಕೋಸ್ ಒದಗಿಸುವ ಯಕೃತ್ತಿನ ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಗ್ಲೂಕೋಸ್) ಬೆಳಗಿನ ಹೊತ್ತಿಗೆ ಬಹಳಷ್ಟು ಕರಗಿರುತ್ತದೆ. ಸ್ನಾಯುಗಳ ಸಂಗ್ರಹ ಹೆಚ್ಚೂಕಡಿಮೆ ಹಾಗೆಯೇ ಇದ್ದರೂ ಸ್ನಾಯು ಅದನ್ನು ಗ್ಲೂಕೋಸ್ ಆಗಿ ರಕ್ತಕ್ಕೆ ಬಿಟ್ಟುಕೊಡುವುದಿಲ್ಲ. ಏರು ಹತ್ತುವಾಗ ದೇಹವು ಕೊಬ್ಬಿಗಿಂತ ಕಾರ್ಬೋಹೈಡ್ರೇಟನ್ನೇ ಹೆಚ್ಚಾಗಿ ಬಳಸುತ್ತದೆ, ಏಕೆಂದರೆ ಅಷ್ಟೇ ಆಮ್ಲಜನಕದಿಂದ ಅದು ಸ್ವಲ್ಪ ಹೆಚ್ಚು ಶಕ್ತಿ ಕೊಡುತ್ತದೆ, ಅದೂ ಬೇಗನೆ.

ಜೋಳದ ರೊಟ್ಟಿ ತಿಂದೇ ಓಡಿರೆಂದು ಒಬ್ಬರು ಬರೆದಿದ್ದರು. ಶೇಂಗಾ ಚಟ್ನಿಯೊಂದಿಗೆ ಅದು ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ. ನಾರು, ಎಣ್ಣೆ ಎರಡೂ ಜೀರ್ಣವನ್ನು ನಿಧಾನಿಸುತ್ತವೆ. ಆದ್ದರಿಂದ ರೊಟ್ಟಿಯನ್ನು ಹಿಂದಿನ ರಾತ್ರಿಗೇ ಇಟ್ಟುಕೊಂಡಿದ್ದೇನೆ (ಬಿಡುವ ಮಾತೇ ಇಲ್ಲ).

ಮೊದಲೇ ತಿಂದರೆ ಇನ್ಸುಲಿನ್ ಏರಿ ಕೊಬ್ಬು ಕರಗುವುದು ತಗ್ಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ನಾನು ಓಡುವುದು ತೂಕ ಇಳಿಸಲಿಕ್ಕಲ್ಲ. ಅರ್ಧ ಗಂಟೆಯ ನಡಿಗೆಗೆ ಇದಾವುದೂ ಬೇಕಿಲ್ಲ, ಮಧುಮೇಹವಿದ್ದವರು ವೈದ್ಯರನ್ನು ಕೇಳಿಯೇ ಬದಲಾಯಿಸಿಕೊಳ್ಳಬೇಕು.