ಸಮುದ್ರದ ಕೆಸರಿನ ಚಿಪ್ಪು ನೋಡಿ ಹಳೇ ಮುಂಗಾರು ಹೇಗೆ ಗೊತ್ತಾಗುತ್ತದೆ?

ಬಯಲುಸೀಮೆ_ಮೇಷ್ಟ್ರು:
ಒಂಬತ್ತನೇ ಕ್ಲಾಸಿಗೆ ಮುಂಗಾರಿನ ಪಾಠ ನಡೀತಿತ್ತು. ಸುಮಾರು 9,000 ವರ್ಷಗಳ ಹಿಂದೆ ಮುಂಗಾರು ಈಗಿಗಿಂತ ಜೋರಾಗಿತ್ತು ಅಂದೆ. "ಆಗ ಮಳೆ ಅಳೆದವರು ಯಾರು ಸಾರ್?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಹುಡುಕಿದರೆ ಫೊರಾಮಿನಿಫೆರಾ ಅಂತ ಸಿಗುತ್ತದೆ, ಚಿಪ್ಪು ಕಟ್ಟುವ ಸಣ್ಣ ಏಕಕೋಶ ಜೀವಿಗಳಂತೆ. ಕಡಲ ತಳದ ಚಿಪ್ಪಿಗೂ ನಮ್ಮ ಮುಂಗಾರಿಗೂ ಏನು ನಂಟು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಜರಡಿ_ಕುಂಚ:
ಮೇಷ್ಟ್ರೇ, ಗೋವಾದ ಒಂದು ಲ್ಯಾಬಿನಲ್ಲಿ ಈ ಚಿಪ್ಪು ಆರಿಸುವುದೇ ನನ್ನ ಕೆಲಸವಾಗಿತ್ತು. ಅದನ್ನೇ ಹೇಳುತ್ತೇನೆ.

ಹಡಗಿನಿಂದ ಕೊಳವೆ ಇಳಿಸಿ ತಳದ ಕೆಸರನ್ನು ಉದ್ದಕ್ಕೆ ಎತ್ತುತ್ತಾರೆ. ಕೆಳಗೆ ಹೋದಷ್ಟೂ ಹಳೇ ಕಾಲ. ಒಂದೊಂದು ಸೆಂಟಿಮೀಟರ್ ಕತ್ತರಿಸಿ, ನೆನೆಹಾಕಿ, 63 ಮೈಕ್ರಾನ್ ಜರಡಿಯಲ್ಲಿ ತೊಳೆಯಬೇಕು. ಜೇಡಿ ಹರಿದುಹೋಗುತ್ತದೆ, ಬಿಳಿ ಪುಡಿ ಉಳಿಯುತ್ತದೆ. ಒಣಗಿಸಿ ಕಪ್ಪು ತಟ್ಟೆಗೆ ಉದುರಿಸಿದರೆ ಸಣ್ಣ ರವೆ ಹಾಗೇ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮಾತ್ರ ಒಂದೊಂದಕ್ಕೂ ಬೇರೆ ಮುಖ! ತೀರಾ ಸಣ್ಣ ಕುಂಚವನ್ನು ಒದ್ದೆ ಮಾಡಿ ಒಂದೊಂದೇ ಎತ್ತಿ ಜಾತಿವಾರು ಅಂಟಿಸಬೇಕು. ಒಂದು ಸ್ಯಾಂಪಲ್ಲಿಗೆ ಸಾಮಾನ್ಯವಾಗಿ 300 ಚಿಪ್ಪು ಎಣಿಸುತ್ತಾರೆ. ಫ್ಯಾನ್ ಹಾಕುವ ಹಾಗಿಲ್ಲ. ಸೀನಿದರೆ ಮುಗೀತು.

ಅದರಲ್ಲಿ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಅಂತ ಒಂದು ಜಾತಿ. ನಾಲ್ಕು ಗುಂಡು ಕೋಣೆ, ನಡುವೆ ದೊಡ್ಡ ಬಾಯಿ. ಒಮ್ಮೆ ಗುರುತಾದರೆ ಮರೆಯುವುದಿಲ್ಲ. ಇದರ ನಿಜವಾದ ಊರು ತಣ್ಣನೆ ಸಮುದ್ರ. ಬಿಸಿ ಅರಬ್ಬಿ ಸಮುದ್ರದಲ್ಲಿ ಇದಕ್ಕೇನು ಕೆಲಸ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಗಾಳಿ ಸೊಮಾಲಿಯಾ, ಒಮಾನ್ ಕರಾವಳಿಯ ಉದ್ದಕ್ಕೂ ಬೀಸುತ್ತದೆ. ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣನೆ, ಪೋಷಕಾಂಶ ತುಂಬಿದ ನೀರು ಏಳುತ್ತದೆ. ಪಾಚಿ ಹುಲುಸಾಗಿ ಬೆಳೆಯುತ್ತದೆ, ಬುಲ್ಲಾಯ್ಡಿಸ್‌ಗೆ ಹಬ್ಬ. ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ. ಯಾವ ಪದರದಲ್ಲಿ ಅದರ ಪಾಲು ಜಾಸ್ತಿಯೋ ಆ ಕಾಲದಲ್ಲಿ ಮುಂಗಾರು ಗಾಳಿ ಜೋರು ಅಂತ ಲೆಕ್ಕ.

ಮಲೆನಾಡ_ಮಳೆಲೆಕ್ಕ:
ಒಂದು ತಕರಾರು. ನೀವು ಹೇಳಿದ್ದು ಗಾಳಿ ಲೆಕ್ಕ. ನಮ್ಮಲ್ಲಿ ಗಾಳಿ ಬೀಸಿ ಮಳೆ ಕೈಕೊಟ್ಟ ವರ್ಷಗಳು ಬೇಕಾದಷ್ಟಿವೆ. ಇನ್ನೊಂದು, ತಳದ ಹುಳುಗಳು ಕೆಸರು ಕಲಸಿಬಿಡುವುದಿಲ್ವಾ?

ಜರಡಿ_ಕುಂಚ:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಒಮಾನ್ ಎದುರಿನ ಬುಲ್ಲಾಯ್ಡಿಸ್ ಆಗುಂಬೆಯ ಮಳೆ ಹೇಳುವುದಿಲ್ಲ. ಎರಡನ್ನೂ ಒಂದೇ ಅಂತ ಬರೆಯುವ ಪೇಪರಿನವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮಳೆಗೆ ಬೇರೆ ದಾರಿ ಇದೆ. ಬಂಗಾಳ ಕೊಲ್ಲಿಗೆ ನದಿ ನೀರು ಜಾಸ್ತಿ ಬಂದರೆ ಮೇಲಿನ ನೀರಿನಲ್ಲಿ ಹಗುರ ಆಕ್ಸಿಜನ್ನಿನ (ಆಕ್ಸಿಜನ್-16) ಪಾಲು ಏರುತ್ತದೆ. ಅಲ್ಲೇ ಬೆಳೆಯುವ ಗ್ಲೋಬಿಜೆರಿನಾಯ್ಡಿಸ್ ರೂಬರ್ ಅನ್ನೋ ಇನ್ನೊಂದು ಜಾತಿಯ ಚಿಪ್ಪಿನಲ್ಲಿ ಅದು ದಾಖಲಾಗುತ್ತದೆ. ಆದರೆ ನೀರಿನ ಬಿಸಿಯೂ ಅದೇ ಅಂಕಿಯನ್ನು ಅಲ್ಲಾಡಿಸುತ್ತದೆ. ಹಾಗಾಗಿ ಚಿಪ್ಪಿನಲ್ಲಿ ಬಿಸಿಗೆ ತಕ್ಕಂತೆ ಬದಲಾಗುವ ಮೆಗ್ನೀಸಿಯಂ–ಕ್ಯಾಲ್ಸಿಯಂ ಅನುಪಾತ ಅಳೆದು ಬಿಸಿಯ ಪಾಲನ್ನು ಕಳೆಯಬೇಕು.

ಹುಳುಗಳು ಕಲಸುವುದು ನಿಜ. ಅದಕ್ಕೇ ಒಮಾನ್ ಎದುರು ಸುಮಾರು 800 ಮೀಟರ್ ಆಳದ ಕೆಸರಿಗೆ ಅಷ್ಟು ಬೆಲೆ. ಅಲ್ಲಿ ನೀರಿನಲ್ಲಿ ಆಕ್ಸಿಜನ್ ತೀರಾ ಕಮ್ಮಿ, ಹುಳುಗಳ ಕಾಟವೂ ಕಮ್ಮಿ. ಇನ್ನು 4,000–5,000 ಮೀಟರಿಗಿಂತ ಕೆಳಗೆ ಹೋದರೆ ಸುಣ್ಣದ ಚಿಪ್ಪೇ ಕರಗಿಹೋಗುತ್ತದೆ.

ಬಯಲುಸೀಮೆ_ಮೇಷ್ಟ್ರು:
ಇಷ್ಟು ತಿಳೀತು. ಆದರೆ ಇಂಥ ಪದರ ಇಷ್ಟೇ ವರ್ಷ ಹಳೆಯದು ಅಂತ ಹೇಗೆ?

ಜರಡಿ_ಕುಂಚ:
ಅದೇ ಚಿಪ್ಪಿನಿಂದ, ಕಾಲ ಕಳೆದಂತೆ ಕಮ್ಮಿಯಾಗುತ್ತಾ ಹೋಗುವ ಕಾರ್ಬನ್-14 ಅಳೆದು. ಕೆಲವು ಮಿಲಿಗ್ರಾಂ ಚಿಪ್ಪು ಬೇಕು, ಅಂದರೆ ಮತ್ತೆ ಕುಂಚ ಹಿಡಿದು ಕೂರಬೇಕು. ಸಮುದ್ರದ ಕಾರ್ಬನ್ ಮೊದಲೇ ಹಳೆಯದಾದ್ದರಿಂದ ಸುಮಾರು 400 ವರ್ಷ ಕಳೆಯುತ್ತಾರೆ, ಜಾಗ ನೋಡಿ ಇನ್ನೂ ಜಾಸ್ತಿ. 50,000 ವರ್ಷದ ಆಚೆಗೆ ಇದು ನಡೆಯುವುದಿಲ್ಲ. ಅಲ್ಲಿ ಬೇರೆ ಗುರುತು ಹುಡುಕಬೇಕು. ರೂಬರ್‌ನಲ್ಲೇ ನಸುಗೆಂಪು ಬಣ್ಣದ್ದೊಂದಿದೆ. ಅಟ್ಲಾಂಟಿಕ್‌ನಲ್ಲಿ ಈಗಲೂ ಬದುಕಿದೆ, ಹಿಂದೂ ಮಹಾಸಾಗರದಿಂದ ಸುಮಾರು 1,20,000 ವರ್ಷಗಳ ಹಿಂದೆ ಮಾಯವಾಯಿತು. ಕೆಸರಿನ ತುಂಡಿನಲ್ಲಿ ಕೆಳಗಿಳಿಯುತ್ತಾ ಹೋಗಿ ಕೆಂಪು ಚಿಪ್ಪು ಕಾಣಿಸಿಕೊಂಡಿತು ಅಂದರೆ ಆ ಗೆರೆ ದಾಟಿದಿರಿ ಅಂತ ಅರ್ಥ.