ಚಂಡೆ ಬಂದ ಕೂಡಲೇ ರೆಕಾರ್ಡಿಂಗ್ ಒಡೆಯುತ್ತಿದೆ: ಹೊಸ ರೆಕಾರ್ಡರ್ ತಗೊಳ್ಳಲಾ?

ಕೋಟದ_ಕಿವಿ:
ನಮಸ್ಕಾರ ಎಲ್ಲರಿಗೂ. ಮೊನ್ನೆ ನಮ್ಮ ಕಡೆ ಗದ್ದೆಯಲ್ಲಿ ಬಡಗಿನ ಮೇಳದ ಯಕ್ಷಗಾನ ಆಟ ಇತ್ತು, ಇಡೀ ರಾತ್ರಿಯದ್ದು. ಭಾಗವತರ ಹತ್ತಿರ ಕೇಳಿಯೇ ರೆಕಾರ್ಡ್ ಮಾಡಿದೆ. ನನ್ನ ಹತ್ತಿರ ಇರುವುದು ಹಳೇ ಹ್ಯಾಂಡಿ ರೆಕಾರ್ಡರ್. ನೆತ್ತಿಯ ಮೇಲೆ ಅದರದ್ದೇ ಎರಡು ಮೈಕ್, ಕೆಳಗೆ ಹೊರಗಿನ ಮೈಕ್ ಕೇಬಲ್ ಸಿಕ್ಕಿಸುವ ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್. 24-ಬಿಟ್, 48 ಕಿಲೋಹರ್ಟ್ಸ್. ಸೌಂಡ್‌ನವರ ಮಿಕ್ಸರ್‌ನಿಂದ ಕೇಬಲ್ ಎಳೆದು ಇನ್‌ಪುಟ್ ಒಂದಕ್ಕೆ ಕೊಟ್ಟೆ. ಮೇಲಿನ ಮೈಕ್ ಸುತ್ತಲಿನ ಸದ್ದಿಗೆ ಅಂತ ಬಿಟ್ಟೆ. ಬ್ಯಾಟರಿ ಸಾಲದು ಅಂತ ಮೊಬೈಲ್ ಚಾರ್ಜರ್ ಹಾಕಿ ಅಲ್ಲೇ ಮಿಕ್ಸರ್ ಪಕ್ಕದ ಪ್ಲಗ್‌ಗೆ ಸಿಕ್ಕಿಸಿದ್ದೆ.

ಮನೆಗೆ ಬಂದು ಕೇಳಿದರೆ ಮೂರು ತೊಂದರೆ. ಭಾಗವತರ ಪದ ಒಂದೇ ಇರುವಾಗ ಚೆನ್ನಾಗಿದೆ, ಏರು ಪದಕ್ಕೆ ಚಂಡೆ ಸೇರಿದ ಕೂಡಲೇ ಎಲ್ಲಾ ಕರಕರ ಅಂತ ಒಡೆಯುತ್ತದೆ. ಗೇನ್ (ಒಳಬರುವ ಸದ್ದನ್ನು ಏರಿಸಿ ಇಳಿಸುವ ಗುಂಡಿ) ಪೂರ್ತಿ ಇಳಿಸಿಯೇ ಇಟ್ಟಿದ್ದೆ, ಮೀಟರ್ ಕೆಂಪು ಮುಟ್ಟಲೇ ಇಲ್ಲ. ಎರಡನೆಯದು, ಅಡಿಯಲ್ಲಿ ಗುಂಯ್ ಅಂತ ಒಂದೇ ಸಮನೆ ಹಮ್. ಮೂರನೆಯದು, ಬೆಳಗಿನ ಜಾವ ಮೂರರ ನಂತರ ಮೇಲಿನ ಮೈಕಿನಲ್ಲಿ ಮಾತ್ರ ಚಟಪಟ ಸದ್ದು. ಕೈಯಲ್ಲಿ 40 ಸಾವಿರ ಇದೆ. ಝೂಮ್ ಎಫ್3 ತಗೊಳ್ಳಲಾ, ಎಚ್4 ಎಸೆನ್ಷಿಯಲ್ ತಗೊಳ್ಳಲಾ? ಬೇರೆ ಏನಾದರೂ ಇದೆಯಾ?

ಬೆಂಗ್ಳೂರ್_ಬೂಮ್:
ಕಣ್ಣು ಮುಚ್ಚಿಕೊಂಡು ಎಫ್3 ತಗೊಳ್ಳಿ ಗುರುಗಳೇ. 2022ರಲ್ಲಿ ಬಂದ ಮೇಲೆ ನಾವು ಶಾರ್ಟ್ ಫಿಲ್ಮ್ ಮಾಡುವವರು ಗೇನ್ ಅನ್ನುವ ಪದವನ್ನೇ ಮರೆತಿದ್ದೇವೆ. ಅದರಲ್ಲಿ ಗೇನ್ ಗುಂಡಿಯೇ ಇಲ್ಲ. ಪ್ರತಿ ಚಾನೆಲ್‌ಗೆ ಎರಡು ಕನ್ವರ್ಟರ್, ಅಂದರೆ ಸದ್ದನ್ನು ಅಂಕಿಗೆ ಬದಲಿಸುವ ಭಾಗ, ಒಂದು ಸಣ್ಣ ಸದ್ದಿಗೆ, ಒಂದು ದೊಡ್ಡ ಸದ್ದಿಗೆ. ಎರಡನ್ನೂ ಸೇರಿಸಿ 32-ಬಿಟ್ ಫ್ಲೋಟ್ ಫೈಲ್ ಬರೆಯುತ್ತದೆ. 24-ಬಿಟ್ ಫೈಲಿನಲ್ಲಿ ಲೆಕ್ಕಕ್ಕೆ 144 ಡೆಸಿಬೆಲ್ ಅಂತರ ಹಿಡಿಸುತ್ತದೆ, ಇದರಲ್ಲಿ 1500ಕ್ಕೂ ಜಾಸ್ತಿ. ಚಂಡೆ ಎಷ್ಟೇ ಹೊಡೆದರೂ ಎಡಿಟಿಂಗ್‌ನಲ್ಲಿ ಇಳಿಸಿದರೆ ಅಲೆ ಹಾಗೇ ಗುಂಡಗೆ ವಾಪಸ್ ಬರುತ್ತದೆ. ನಿಮ್ಮ ಮೊದಲನೇ ತೊಂದರೆ ಅಲ್ಲಿಗೇ ಮುಗಿಯಿತು.

ಸೌಂಡ್_ಶೆಟ್ಟಿ:
ಸ್ವಲ್ಪ ನಿಲ್ಲಿ ಮಾರಾಯ್ರೆ, ಅವರ 40 ಸಾವಿರ ಯಾಕೆ ಇಷ್ಟು ಬೇಗ ಖರ್ಚು ಮಾಡಿಸುತ್ತೀರಿ? ಮೀಟರ್ ಕೆಂಪು ಮುಟ್ಟಿಲ್ಲ ಅಂತ ಅವರೇ ಬರೆದಿದ್ದಾರೆ, ನೀವು ಅದನ್ನು ಓದಲೇ ಇಲ್ಲ.

ಕೋಟದವರೇ, ಒಂದು ಕೆಲಸ ಮಾಡಿ. ಆ ಒಡೆದ ಜಾಗವನ್ನು ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು ಒಂದೊಂದು ಅಲೆ ಕಾಣುವಷ್ಟು ದೊಡ್ಡದು ಮಾಡಿ. ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಇರುತ್ತದೆ. ಯಾವ ಮಟ್ಟದಲ್ಲಿ ಚಪ್ಪಟೆ ಆಗಿದೆ ನೋಡಿ. ಸರಿಯಾಗಿ ಸೊನ್ನೆ ಡೆಸಿಬೆಲ್‌ನಲ್ಲಿ, ಅಂದರೆ ಅಳತೆಯ ತುತ್ತತುದಿಯಲ್ಲಿ ಇದ್ದರೆ ಕನ್ವರ್ಟರ್ ತುಂಬಿದೆ ಅಂತ, ಆಗ ಬೂಮ್ ಅವರ ಮಾತು ಸರಿ. ಸೊನ್ನೆಗಿಂತ ಕೆಳಗೆ ಚಪ್ಪಟೆ ಇದ್ದರೆ ಅದಕ್ಕೂ ಮೊದಲೇ ಎಲ್ಲೋ ಒಡೆದಿದೆ. ಅದೇ ಕ್ಷಣದಲ್ಲಿ ಮೇಲಿನ ಮೈಕಿನ ಟ್ರ್ಯಾಕ್ ಹೇಗಿದೆ ಅಂತಲೂ ನೋಡಿ ಹೇಳಿ.

ಹೊಸ_ಮೊಬೈಲ್:
ಇಷ್ಟೆಲ್ಲಾ ಯಾಕೆ, ಮೊಬೈಲ್ ಸಾಕಲ್ವಾ? ನಾನು ಮುಂದಿನ ಸಾಲಲ್ಲಿ ಕೂತು ಎಷ್ಟೋ ಆಟ ಹಿಡಿದಿದ್ದೇನೆ.

ಮದ್ದಲೆ_ಮಾಣಿ:
ಹಿಡಿದದ್ದನ್ನು ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಮೊಬೈಲ್ ತಾನಾಗಿಯೇ ಲೆವೆಲ್ ಏರಿಸಿ ಇಳಿಸಿ ಮಾಡುತ್ತದೆ. ಚಂಡೆಗೆ ಒಂದು ಪೆಟ್ಟು ಬಿದ್ದರೆ ಭಾಗವತರ ಸ್ವರ ಕುಸಿದು ಮೆಲ್ಲಗೆ ಏಳುತ್ತದೆ, ಏಳುವಷ್ಟರಲ್ಲಿ ಮುಂದಿನ ಪೆಟ್ಟು. ನೆನಪಿಗೆ ಸಾಕು, ಕಲಿಯುವವರಿಗೆ ಸಾಲದು.

ಕೋಟದ_ಕಿವಿ:
ನೋಡಿದೆ ಶೆಟ್ರೆ. ಮಿಕ್ಸರ್ ಟ್ರ್ಯಾಕಿನಲ್ಲಿ ಎಲ್ಲಾ ಪೆಟ್ಟುಗಳೂ ಮೈನಸ್ 7ರ ಹತ್ತಿರ ಗೆರೆ ಎಳೆದ ಹಾಗೆ ಚಪ್ಪಟೆ. ಒಂದೂ ಅದನ್ನು ದಾಟಿಲ್ಲ. ಮೇಲಿನ ಮೈಕಿನಲ್ಲಿ ಅದೇ ಪೆಟ್ಟು ಗುಂಡಗೆ, ಚೂಪಾಗಿ ಸರಿಯಾಗಿದೆ, ಒಡೆದಿಲ್ಲ.

ಸೌಂಡ್_ಶೆಟ್ಟಿ:
ಸಿಕ್ಕಿತಲ್ಲ! ಮೇಲಿನ ಮೈಕಿಗೆ ಬಂದದ್ದು ಮೈದಾನದ ಸ್ಪೀಕರ್ ಬಾಕ್ಸ್‌ಗಳ ಸದ್ದೂ ಸೇರಿ. ಅದು ಶುದ್ಧ ಇದೆ ಅಂದರೆ ಮಿಕ್ಸರ್ ಒಡೆದಿಲ್ಲ, ಬಾಕ್ಸ್ ಒಡೆದಿಲ್ಲ. ಒಡೆದದ್ದು ನಿಮ್ಮ ರೆಕಾರ್ಡರಿನ ಇನ್‌ಪುಟ್ ಬಾಯಿಯಲ್ಲಿ. ಮಿಕ್ಸರಿನ ಔಟ್ ಲೈನ್ ಲೆವೆಲ್, ಯಂತ್ರದಿಂದ ಯಂತ್ರಕ್ಕೆ ಹೋಗುವ ದೊಡ್ಡ ಸಿಗ್ನಲ್. ಪ್ಲಸ್ 4 ಡಿಬಿಯು (ಡೆಸಿಬೆಲ್‌ನಲ್ಲಿ ವೋಲ್ಟ್ ಅಳೆಯುವ ಲೆಕ್ಕ), ಅಂದರೆ ಸುಮಾರು 1.23 ವೋಲ್ಟ್. ಅದೂ ಮಾಮೂಲಿ ಮಟ್ಟ, ಚಂಡೆಯ ಪೆಟ್ಟಿಗೆ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಎಕ್ಸ್‌ಎಲ್‌ಆರ್ ಮೈಕ್ ಇನ್‌ಪುಟ್ ಕಾಯುವುದು ಮಿಲಿವೋಲ್ಟ್ ಲೆಕ್ಕದ ಸಿಗ್ನಲ್. ಕೊಡದಲ್ಲಿ ಬಂದದ್ದನ್ನು ಚೊಂಬಿಗೆ ಸುರಿದ ಹಾಗೆ. ಗೇನ್ ಇಳಿಸಿದರೆ ಒಡೆದದ್ದೇ ಸಣ್ಣಗೆ ಕೇಳುತ್ತದೆ, ಅಷ್ಟೇ. ಅದಕ್ಕೇ ಮೀಟರ್ ಕೆಂಪಾಗಲಿಲ್ಲ.

ನಿಮ್ಮ ರೆಕಾರ್ಡರಿನಲ್ಲಿ ಲೈನ್ ಅಂತ ಸ್ವಿಚ್ಚೋ, ಸಿಗ್ನಲ್ ತಗ್ಗಿಸುವ ಪ್ಯಾಡ್ ಮೈನಸ್ 20 ಅಂತ ಸ್ವಿಚ್ಚೋ ಇದೆಯಾ ನೋಡಿ. ಇದ್ದರೆ ಖರ್ಚು ಸೊನ್ನೆ. ಇಲ್ಲದಿದ್ದರೆ ಕೇಬಲ್ ಮಧ್ಯೆ ಹಾಕುವ ಪ್ಯಾಡ್ ಸಿಗುತ್ತದೆ, ಹೆಬ್ಬೆರಳಿನಷ್ಟು ದಪ್ಪದ ಕೊಳವೆ. ಆಗ ಫ್ಯಾಂಟಮ್ (ರೆಕಾರ್ಡರ್ ಅದೇ ಕೇಬಲ್‌ನಲ್ಲಿ ಮೈಕಿಗೆ ಕಳಿಸುವ ಕರೆಂಟ್) ಆಫ್ ಮಾಡಿರಿ, ಮರೆಯಬೇಡಿ.

ಬೆಂಗ್ಳೂರ್_ಬೂಮ್:
ಸರಿ, ಒಪ್ಪಿದೆ. ಆದರೆ ಎಫ್3 ಇದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಅನ್ನುವುದು ನನ್ನ ಮಾತು.

ಸೌಂಡ್_ಶೆಟ್ಟಿ:
ಇರುತ್ತಿತ್ತು! ಎಫ್3ರ ಮೆನುವಿನಲ್ಲಿ ಮೈಕ್, ಲೈನ್ ಅಂತ ಎರಡು ಆಯ್ಕೆ ಇದೆ, ಯಾಕೆ ಇಟ್ಟಿದ್ದಾರೆ ಹೇಳಿ? ಮೈಕ್‌ನಲ್ಲಿ ಬಿಟ್ಟರೆ ಅದು ತಡೆಯುವುದು ಪ್ಲಸ್ 4 ಡಿಬಿಯು ತನಕ. ಲೈನ್‌ಗೆ ಹಾಕಿದರೆ ಪ್ಲಸ್ 24. ಫ್ಲೋಟ್ ಅನ್ನುವುದು ಕನ್ವರ್ಟರ್ ದಾಟಿದ ಮೇಲಿನ ಕಥೆ. ಅದಕ್ಕೂ ಹಿಂದೆ ಸರ್ಕ್ಯೂಟ್ ಒಡೆದರೆ, ಮೈಕಿನ ಒಳಗೇ ಒಡೆದರೆ, 32 ಅಲ್ಲ 64-ಬಿಟ್ ಇದ್ದರೂ ಒಡೆದದ್ದನ್ನೇ ನೀಟಾಗಿ ಬರೆದುಕೊಳ್ಳುತ್ತದೆ.

ಬೆಂಗ್ಳೂರ್_ಬೂಮ್:
ಮೈಕ್ ಯಾಕೆ ಒಡೆಯುತ್ತದೆ? ನಾನು ಸೆನ್‌ಹೈಸರ್ ಎಂಕೆಇ 600 ಹಾಕಿ ತಮಟೆಯವರನ್ನೇ ಹಿಡಿದಿದ್ದೇನೆ.

ಜೀರುಂಡೆ:
ಎಂಕೆಇ 600 ಫ್ಯಾಂಟಮ್ ಕೊಟ್ಟರೆ 132 ಡೆಸಿಬೆಲ್ ತನಕ ತಡೆಯುತ್ತದೆ, ಒಳಗೆ ಪೆನ್ ಸೆಲ್ ಹಾಕಿ ಓಡಿಸಿದರೆ 126ಕ್ಕೇ ಮುಗಿಯಿತು. ದೂರದಿಂದ ಹಿಡಿದರೆ ತೊಂದರೆ ಇಲ್ಲ, ಚಂಡೆಯ ಬಾಯಿಯ ಪಕ್ಕ ಇಟ್ಟರೆ ಖಂಡಿತ ತೊಂದರೆ. ಹತ್ತಿರವೇ ಇಡಬೇಕು ಅಂದರೆ ಶ್ಯೂರ್ ಎಸ್‌ಎಂ57 ಥರದ ಡೈನಮಿಕ್ ಮೈಕ್ ವಾಸಿ. ಫ್ಯಾಂಟಮ್ ಬೇಡ, ಬಿದ್ದರೂ ಏನೂ ಆಗುವುದಿಲ್ಲ.

ನಾನು ಕಾಡಿನಲ್ಲಿ ಕಪ್ಪೆ, ಹಕ್ಕಿ ರೆಕಾರ್ಡ್ ಮಾಡುವವನು, ಆಟದ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದರೆ ಆ ಮೂರು ಗಂಟೆಯ ಚಟಪಟ ಚೆನ್ನಾಗಿ ಗೊತ್ತು. ಅದು ಇಬ್ಬನಿ. ನಿಮ್ಮ ಮೇಲಿನ ಮೈಕಿನಂಥ ಕಂಡೆನ್ಸರ್ ಮೈಕಿನ ಒಳಗೆ ತೇವ ಕೂತರೆ ಅಲ್ಲಲ್ಲಿ ಕರೆಂಟ್ ಸೋರಿ ಹಾಗೆ ಸಿಡಿಯುತ್ತದೆ, ಒಣಗಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮ ಎಕ್ಸ್‌ಎಲ್‌ಆರ್ ಟ್ರ್ಯಾಕಿನಲ್ಲಿ ಅದು ಇಲ್ಲ ಅನ್ನುವುದೇ ಗುರುತು. ಸೆನ್‌ಹೈಸರ್ ಎಂಕೆಎಚ್ ಸಾಲಿನ ಮೈಕ್‌ಗಳು ಬೇರೆ ವಿಧಾನದಲ್ಲಿ, ಆರ್‌ಎಫ್ ಅಂದರೆ ರೇಡಿಯೋ ತರಂಗದ ಮಟ್ಟದ ಸಿಗ್ನಲ್‌ನಲ್ಲಿ ಓಡುವುದರಿಂದ ತೇವಕ್ಕೆ ಅಷ್ಟು ಹೆದರುವುದಿಲ್ಲ, ಆದರೆ ಬೆಲೆ ಕೇಳಿದರೆ ನಾವು ಹೆದರುತ್ತೇವೆ. ಸುಮ್ನೆ ಮೈಕಿಗೆ ರೋಮದ ಕವರ್ ಹಾಕಿ, ಗಾಳಿಗೂ ಆಯಿತು, ಇಬ್ಬನಿ ನೇರ ಬೀಳುವುದಕ್ಕೂ ಸ್ವಲ್ಪ ತಡೆ. ಬರಿಯ ಸ್ಪಂಜು ಒಳಾಂಗಣಕ್ಕೆ ಸರಿ, ಗದ್ದೆಗೆ ಸಾಲದು. ಆಕಾಶಕ್ಕೆ ಬಿಟ್ಟು ಇಡಬೇಡಿ, ಚಪ್ಪರದ ಅಂಚಿನ ಒಳಗೆ ಇಡಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಕೋಟದ_ಕಿವಿ:
ಹೌದು, ಕಂಬಕ್ಕೆ ಕಟ್ಟಿದ್ದೆ, ಮೇಲೆ ಏನೂ ಇರಲಿಲ್ಲ. ಮತ್ತೆ ಆ ಹಮ್?

ಸೌಂಡ್_ಶೆಟ್ಟಿ:
ಚಾರ್ಜರ್ ಮೇಲೆ ನನಗೆ ಅನುಮಾನ. ಮಿಕ್ಸರ್‌ಗೂ ನಿಮ್ಮ ರೆಕಾರ್ಡರಿಗೂ ಕರೆಂಟ್ ಒಂದೇ ಕಡೆಯಿಂದ, ಮಧ್ಯೆ ಆಡಿಯೋ ಕೇಬಲ್‌ನ ಜಾಲರಿ. ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ 50 ಹರ್ಟ್ಸ್ ಓಡುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ ಹೆಡ್‌ಫೋನಿನಲ್ಲಿ ಕೇಳಿ. ಹಮ್ ಹೋದರೆ ಚಾರ್ಜರೇ ಕಾರಣ. ಹೋಗದಿದ್ದರೆ ಅದು ಮಿಕ್ಸರ್ ಕಡೆಯಿಂದಲೇ ಬರುತ್ತಿದೆ, ಬಾಕ್ಸ್‌ನಲ್ಲೂ ಕೇಳಬೇಕು. ಕ್ಯಾಮೆರಾದವರು ಯಾರಾದರೂ ನಿಮ್ಮಿಂದ ಲೈನ್ ತಗೊಂಡು ಅವರ ಅಡಾಪ್ಟರ್‌ನಲ್ಲಿ ಓಡಿಸಿದರೆ ಸುತ್ತು ಮತ್ತೆ ಶುರು. ಅದಕ್ಕೆ ಮಧ್ಯೆ ಸದ್ದನ್ನು ಮಾತ್ರ ದಾಟಿಸಿ ಸುತ್ತನ್ನು ಕಡಿಯುವ ಒಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುವುದು ನನ್ನ ರೂಢಿ.

ಬೆಂಗ್ಳೂರ್_ಬೂಮ್:
ಹಮ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಎಡಿಟಿಂಗ್‌ನಲ್ಲಿ 50 ಹರ್ಟ್ಸ್ ಮೇಲೆ ಒಂದು ನಾಚ್, ಅಂದರೆ ಅದೊಂದನ್ನೇ ಕತ್ತರಿಸುವ ಫಿಲ್ಟರ್ ಹಾಕಿದರೆ ಮುಗಿಯಿತು.

ಮದ್ದಲೆ_ಮಾಣಿ:
ಮುಗಿಯುವುದಿಲ್ಲ ಅಣ್ಣ. 50 ಮಾತ್ರ ಬಂದರೆ ಸರಿ, ಅದರ ಹಿಂದೆ 100, 150, 200 ಎಲ್ಲಾ ಬರುತ್ತವೆ. ಗುಂಯ್ ಅಂತ ಕಿವಿಗೆ ಬೀಳುವುದು ಜಾಸ್ತಿ ಅವೇ. ಅಲ್ಲೇ ಮದ್ದಲೆಯ ಎಡದ ನಾದ ಇರುವುದು, ಅರ್ಥ, ಅಂದರೆ ಆಟದ ಮಾತು ಹೇಳುವ ವೇಷಧಾರಿಗಳ ಗಂಡು ಸ್ವರದ ಬುಡವೂ ಅಲ್ಲೇ. ಒಂದೊಂದನ್ನೂ ಕತ್ತರಿಸಿದರೆ ಮದ್ದಲೆ ಡಬ್ಬ ಬಡಿದ ಹಾಗೆ ಕೇಳುತ್ತದೆ. ಅಂಥ ರೆಕಾರ್ಡಿಂಗ್ ಬೇಕಾದಷ್ಟು ಇವೆ, ಕೇಳಿದರೆ ಸಂಕಟ ಆಗುತ್ತದೆ.

ಇನ್ನೊಂದು ಮಾತು. ನೀವೆಲ್ಲಾ ಮಿಕ್ಸರ್ ಲೈನನ್ನೇ ಹಿಡಿದು ಜಗ್ಗುತ್ತಿದ್ದೀರಿ. ಅದರಲ್ಲಿ ಬರುವುದು ಆಟ ಅಲ್ಲ. ಸೌಂಡ್‌ನವರು ಯಾವುದು ಮೈದಾನದಲ್ಲಿ ಕೇಳಿಸುವುದಿಲ್ಲವೋ ಅದನ್ನು ಏರಿಸುತ್ತಾರೆ, ಭಾಗವತರು, ಅರ್ಥ, ಮದ್ದಲೆ. ಚಂಡೆಗೆ ಎಷ್ಟೋ ಕಡೆ ಮೈಕೇ ಇಡುವುದಿಲ್ಲ, ಇಟ್ಟರೂ ಕಮ್ಮಿ, ಅದು ಹೇಗೂ ಊರಿಗೆಲ್ಲಾ ಕೇಳುತ್ತದೆ. ಹಾಗಾಗಿ ಲೈನಿನಲ್ಲಿ ಬರುವ ಚಂಡೆಯಲ್ಲಿ ಹೆಚ್ಚಿನ ಪಾಲು ಭಾಗವತರ ಮೈಕಿಗೆ ಹಾರಿ ಬಿದ್ದದ್ದು. ಗೆಜ್ಜೆ, ಕುಣಿತದ ಹೆಜ್ಜೆ, ಜನ ಹೋ ಅನ್ನುವುದು ಯಾವುದೂ ಇರುವುದಿಲ್ಲ. ಒಳ್ಳೆಯ ಎರಡು ಮೈಕ್ ರಂಗಸ್ಥಳದ ಎದುರು ಇಡಿ, ಬಾಕ್ಸ್‌ಗಳ ಸಾಲಿಗಿಂತ ಹಿಂದೆ, ಅಂದರೆ ರಂಗಸ್ಥಳದ ಕಡೆಗೆ. ಬಾಕ್ಸ್ ಮುಂದೆ ಇಟ್ಟರೆ ಬಾಕ್ಸನ್ನೇ ರೆಕಾರ್ಡ್ ಮಾಡಿದ ಹಾಗೆ ಆಗುತ್ತದೆ. ಚಂಡೆಯವರು ನಿಂತ ಬದಿಯಿಂದ ಆಚೆಗೆ ಸ್ವಲ್ಪ ಸರಿಸಿ. ಲೈನನ್ನು ಮಾತು ಸ್ಪಷ್ಟ ಮಾಡುವುದಕ್ಕೆ ಮಾತ್ರ, ಅಡಿಯಲ್ಲಿ ಸಣ್ಣಗೆ ಸೇರಿಸಿ.

ಸೌಂಡ್_ಶೆಟ್ಟಿ:
ಮಾಣಿ ಹೇಳಿದ್ದು ಸರಿ. ಮೇನ್ ಔಟ್ ಬದಲು ಆಕ್ಸ್ ಔಟ್, ಅಂದರೆ ಮಿಕ್ಸರಿನ ಇನ್ನೊಂದು ಪ್ರತ್ಯೇಕ ಔಟ್ ಕೇಳಿ, ಬೇರೆಯೇ ಮಿಶ್ರಣ ಕೊಡಬಹುದು, ಲೆವೆಲ್ಲೂ ಸೌಂಡ್‌ನವರಾದ ನಾವೇ ಇಳಿಸಿ ಕೊಡಬಹುದು. ಖಾಲಿ ಇದ್ದರೆ.

ಬೆಂಗ್ಳೂರ್_ಬೂಮ್:
ಎಲ್ಲಾ ಸರಿ ಸ್ವಾಮಿ, ಆದರೂ ನನ್ನ ಒಂದು ವಾದ ಉಳಿಯಿತು. ಇವರು ರಾತ್ರಿ ಇಡೀ ಗುಂಡಿ ತಿರುಗಿಸುತ್ತಾ ಕೂರುತ್ತಾರಾ, ಆಟ ನೋಡುತ್ತಾರಾ? ಕರುಣ ರಸದ ಪದಕ್ಕೆ ಲೆವೆಲ್ ಇಟ್ಟರೆ ರಾಕ್ಷಸ ವೇಷದ ಪ್ರವೇಶಕ್ಕೆ ಹೋಯಿತು, ಪ್ರವೇಶಕ್ಕೆ ಇಟ್ಟರೆ ಕರುಣದಲ್ಲಿ ಬರೀ ಹಿಸ್. ಒಬ್ಬರೇ ಹೋಗುವವರಿಗೆ ಫ್ಲೋಟ್ ನಿಜವಾಗಿಯೂ ಬಿಡುಗಡೆ. ಇದಕ್ಕೆ ಉತ್ತರ ಹೇಳಿ.

ಜೀರುಂಡೆ:
ಇದು ನ್ಯಾಯವಾದ ಮಾತು. ನಾನೂ ಕಾಡಿನಲ್ಲಿ ರೆಕಾರ್ಡರ್ ಬಿಟ್ಟು ಬರುವಾಗ ಫ್ಲೋಟನ್ನೇ ಬಳಸುತ್ತೇನೆ. ಆದರೆ ಎಫ್3ಗೆ ತನ್ನದೇ ಮೈಕ್ ಇಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ. ಅದನ್ನು ಕೊಂಡ ಮೇಲೆ ಉಳಿಯುವ ದುಡ್ಡಿನಲ್ಲಿ ಜೋಡಿ ಮೈಕ್, ಸ್ಟ್ಯಾಂಡ್, ಕೇಬಲ್ ಆಗುವುದಿಲ್ಲ. ಕೊಳ್ಳಲೇಬೇಕು ಅಂದರೆ ಎಚ್4 ಎಸೆನ್ಷಿಯಲ್. ಅದೂ 32-ಬಿಟ್ ಫ್ಲೋಟೇ, ಮೇಲೆ ಜೋಡಿ ಮೈಕ್ ಇದೆ, ಕೆಳಗೆ ಎರಡು ಇನ್‌ಪುಟ್ ಇದೆ. ಮಾಣಿ ಹೇಳಿದ ರೀತಿಗೆ ಅಷ್ಟು ಸಾಕು. ಹಳೇ 24-ಬಿಟ್‌ನಲ್ಲೇ ಇರುವುದಾದರೆ ಅತಿ ದೊಡ್ಡ ಪೆಟ್ಟು ಮೈನಸ್ 12ರ ಸುತ್ತ ಬರುವ ಹಾಗೆ ಲೆವೆಲ್ ಇಟ್ಟು ಸುಮ್ಮನಿರಿ. ಗದ್ದೆಯಲ್ಲಿ ಜೀರುಂಡೆ, ಜನ, ಜನರೇಟರ್ ಸದ್ದಿನ ಮುಂದೆ ರೆಕಾರ್ಡರಿನ ಹಿಸ್ ಯಾರಿಗೂ ಕೇಳುವುದಿಲ್ಲ.

ಬ್ಯಾಟರಿ ವಿಷಯ. ಪೆನ್ ಸೆಲ್ ಹಾಕುವುದಾದರೆ ಎನೆಲೂಪ್ ಥರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಗೊಳ್ಳಿ, ಮೆನುವಿನಲ್ಲಿ ಸೆಲ್ ಬಗೆಯನ್ನು ಬದಲಿಸಿ. ಅವು 1.2 ವೋಲ್ಟ್, ಆಲ್ಕಲೈನ್ ಅಂತ ಬಿಟ್ಟರೆ ತುಂಬಿರುವಾಗಲೇ ಖಾಲಿ ಅಂತ ತೋರಿಸುತ್ತದೆ. ಪವರ್ ಬ್ಯಾಂಕ್ ಹಾಕಿದರೆ ಶೆಟ್ರು ಹೇಳಿದ ಆ ಕರೆಂಟಿನ ಸುತ್ತೂ ಇರುವುದಿಲ್ಲ, ಹಮ್ಮಿಗೆ ಅದೇ ಮದ್ದು. ಒಂದೇ ಕಾಟ, ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಮ್ಮಿ ಕರೆಂಟ್ ಎಳೆದರೆ ಯಾರೂ ಇಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ. ಮನೆಯಲ್ಲಿ ಒಂದು ರಾತ್ರಿ ಓಡಿಸಿ ನೋಡಿ, ಒಳಗೆ ಸೆಲ್ಲೂ ಇರಲಿ.

ಕೋಟದ_ಕಿವಿ:
ಕಾರ್ಡ್ ಎಷ್ಟು ಬೇಕಾಗುತ್ತದೆ? ಮತ್ತೆ ತಮ್ಮ ವೀಡಿಯೋ ಮಾಡುತ್ತಾನೆ, ಅದಕ್ಕೆ ಹೊಂದಿಸುವಾಗ ಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತಿದೆ.

ಬೆಂಗ್ಳೂರ್_ಬೂಮ್:
24-ಬಿಟ್ 48ರಲ್ಲಿ ಸ್ಟೀರಿಯೋಗೆ ಗಂಟೆಗೆ ಸುಮಾರು 1 ಜಿಬಿ, ಫ್ಲೋಟ್ ಆದರೆ 1.4. ನೀವು ಲೈನೂ ಸೇರಿಸಿ ಹಿಡಿಯುವುದರಿಂದ ಇಡೀ ರಾತ್ರಿಗೆ 32 ಜಿಬಿ ಕಾರ್ಡ್ ಇರಲಿ, ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ತುಟಿ ಜಾರುವುದು ಎರಡು ಯಂತ್ರದ ಗಡಿಯಾರ ಬೇರೆ ಬೇರೆ ಓಡುವುದರಿಂದ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 72 ಮಿಲಿಸೆಕೆಂಡ್, 25 ಫ್ರೇಮ್ ವೀಡಿಯೋದಲ್ಲಿ ಹತ್ತಿರಹತ್ತಿರ ಎರಡು ಫ್ರೇಮ್. ಗಂಟೆಗೊಮ್ಮೆ ಚಂಡೆಯ ಒಂದು ಪೆಟ್ಟು ನೋಡಿ ಕತ್ತರಿಸಿ ಹೊಂದಿಸಿ, ಎರಡೂ ಯಂತ್ರದ ಗಡಿಯಾರ ಹೊಂದಿಸುವ ಟೈಮ್‌ಕೋಡ್ ಬಾಕ್ಸ್‌ಗೆಲ್ಲಾ ದುಡ್ಡು ಹಾಕಬೇಡಿ. ನೋಡಿ ಶೆಟ್ರೆ, ನಾನೂ ದುಡ್ಡು ಉಳಿಸಿದೆ.

ಕೋಟದ_ಕಿವಿ:
ಹಾ ಹಾ. ಸರಿ, ರೆಕಾರ್ಡರಿನ ಪಕ್ಕದಲ್ಲಿ ಪ್ಯಾಡ್ ಸ್ವಿಚ್ ಸಿಕ್ಕಿತು, ಇಷ್ಟು ದಿನ ಹೋಲ್ಡ್ ಬಟನ್ ಅಂದುಕೊಂಡಿದ್ದೆ. ಈಗ ಟ್ರಾನ್ಸ್‌ಫಾರ್ಮರ್, ರೋಮದ ಕವರ್, ಎಂಟು ಸೆಲ್, ಒಂದು ಎತ್ತರದ ಸ್ಟ್ಯಾಂಡ್ ಇಷ್ಟು ತರುತ್ತೇನೆ. ಪತ್ತನಾಜೆಗೆ, ಅಂದರೆ ವರ್ಷದ ತಿರುಗಾಟ ಮುಗಿಯುವ ದಿನಕ್ಕೆ ಮೇಳಗಳು ಒಳಸೇರುವ ಮೊದಲು ಇನ್ನೊಂದು ಆಟ ಸಿಗುತ್ತದೆ, ಅದನ್ನು ಹೀಗೆ ಹಿಡಿದು ನೋಡಿ ಆಮೇಲೆ ಎಚ್4 ಎಸೆನ್ಷಿಯಲ್ ಬೇಕಾ ಅಂತ ತೀರ್ಮಾನ. ಶೆಟ್ರೆ, ಸೌಂಡ್‌ನವರ ಹತ್ತಿರ ಆಕ್ಸ್ ಕೇಳಿದರೆ ಬೈಯುವುದಿಲ್ಲ ಅಲ್ವಾ?

ಸೌಂಡ್_ಶೆಟ್ಟಿ:
ಸಂಜೆ ಮೈಕ್ ಟೆಸ್ಟ್ ಮಾಡುವ ಹೊತ್ತಿಗೆ ಬಂದು ಕೇಳಿ, ನಿಮ್ಮದೇ ಕೇಬಲ್ ತನ್ನಿ, ಹದಿನೈದು ಮೀಟರಾದರೂ ಇರಲಿ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಪೂಜೆ ಆಗಿ ಚಂಡೆ ಶುರುವಾದ ಮೇಲೆ ಬಂದು ಕೇಳಿದರೆ ನಾನಾದರೂ ಬೈಯುತ್ತೇನೆ.